ಮಾಹಾನ್: ಕೆರ್ಮಾನ್ ಸೀಮೆಯ ಒಂದು ಸಣ್ಣ ಊರು ಮತ್ತು ಅದರ ಜನ

ಇರಾನ್ ಎಂದೊಡನೆ ಭಾರತದ ವಿದ್ಯಾವಂತರ ಕಣ್ಣಮುಂದೆ ನಿಲ್ಲುವವು ಇಸ್ಫಹಾನಿನ ವಿಶಾಲವಾದ ಚೌಕ, ಷೀರಾಜಿನ ಕವಿಗಳ ಸಮಾಧಿಗಳು, ಪರ್ಸೆಪೊಲಿಸಿನ ಭಗ್ನ ಸ್ತಂಭಗಳು. ದೊಡ್ಡ ನಗರಗಳ ಚರಿತ್ರೆಯು ರಾಜವಂಶಗಳ ಚರಿತ್ರೆಯೊಡನೆ ಬೆರೆತಿರುವುದರಿಂದ ಅದನ್ನು ತಿಳಿಯುವುದು ಕಷ್ಟವಲ್ಲ. ಆದರೆ ಒಂದು ನಾಡಿನ ಜನರು ಹೇಗೆ ಬದುಕಿದರು, ಯಾವುದನ್ನು ನೆಚ್ಚಿ ಉಳಿದರು ಎಂಬುದನ್ನು ಅರಿಯಬೇಕಾದರೆ ರಾಜಧಾನಿಗಳಿಂದ ದೂರವಾದ ಸಣ್ಣ ಊರುಗಳನ್ನು ನೋಡಬೇಕಾಗುತ್ತದೆ. ಅಂತಹ ಊರುಗಳಲ್ಲಿ ಆಗ್ನೇಯ ಇರಾನಿನ ಕೆರ್ಮಾನ್ ಪ್ರಾಂತದ ಮಾಹಾನ್ ಒಂದು.

ಮಾಹಾನ್ ಕನ್ನಡಿಗರಿಗೆ ತೀರ ಅಪರಿಚಿತವಾದ ಹೆಸರು. ಆದರೂ ಆ ಊರಿನ ನಡುವೆ ನಿಂತಿರುವ ನೀಲಿಯ ಗುಮ್ಮಟವುಳ್ಳ ಸಮಾಧಿಮಂದಿರಕ್ಕೆ ಮೊದಲು ಹಣ ಬಂದದ್ದು ಬೀದರದ ಬೊಕ್ಕಸದಿಂದ. ಅಲ್ಲಿ ಮಲಗಿರುವ ಸಂತನ ಮಗನು ಮಣ್ಣಾದದ್ದು ಬೀದರದ ಹೊರವಲಯದ ಅಷ್ಟೂರಿನಲ್ಲಿ. ಹೀಗೆ ಎರಡು ನಾಡುಗಳಿಗೆ ಹಂಚಿಹೋದ ಒಂದು ಮನೆತನದ ಕಥೆಯೂ ಮಾಹಾನಿನ ಕಥೆಯೂ ಒಂದನ್ನೊಂದು ಬಿಟ್ಟು ನಿಲ್ಲಲಾರವು. ಮರುಭೂಮಿಯ ಅಂಚಿನ ಈ ಊರು ಸಾವಿರ ವರ್ಷಗಳಿಗೂ ಮೀರಿ ಉಳಿದುದಕ್ಕೆ ಮೂರು ಆಧಾರಗಳನ್ನು ಗುರುತಿಸಬಹುದು: ಬೆಟ್ಟದಿಂದ ಬಂದ ನೀರು, ಸಂತನೊಬ್ಬನ ಗೋರಿ ಮತ್ತು ಊರನ್ನು ಬಿಟ್ಟುಹೋದ ಜನ. ಮೂರನೆಯದು ಮೇಲುನೋಟಕ್ಕೆ ವಿಚಿತ್ರವೆನಿಸಬಹುದು. ಮುಂದಿನ ವಿವರಣೆಯಿಂದ ಅದು ಸ್ಪಷ್ಟವಾಗುತ್ತದೆ.

೧. ನೆಲ ಮತ್ತು ನೀರು

ಕೆರ್ಮಾನ್ ನಗರದಿಂದ ಆಗ್ನೇಯಕ್ಕೆ ಬಾಮ್ ಕಡೆಗೆ ಹೋಗುವ ಹೆದ್ದಾರಿಯಲ್ಲಿ ಸುಮಾರು ೩೫ ಕಿಲೋಮೀಟರ್ ಸಾಗಿದರೆ ಮಾಹಾನ್ ಸಿಕ್ಕುತ್ತದೆ. ಸಮುದ್ರಮಟ್ಟದಿಂದ ಅದರ ಎತ್ತರ ಹತ್ತಿರ ಹತ್ತಿರ ೧೯೦೦ ಮೀಟರ್. ಪಕ್ಕದಲ್ಲಿ ಜೂಪಾರ್ ಪರ್ವತಶ್ರೇಣಿ. ಅದರ ಶಿಖರಗಳು ೪೦೦೦ ಮೀಟರನ್ನು ಮೀರುತ್ತವೆ. ಪೂರ್ವಕ್ಕೆ, ಬೆಟ್ಟಗಳ ಆಚೆಗೆ, ಲೂತ್ ಎಂಬ ಮಹಾಮರುಭೂಮಿ. ಈ ಪ್ರದೇಶದಲ್ಲಿ ವರ್ಷಕ್ಕೆ ಬೀಳುವ ಮಳೆ ಸುಮಾರು ೧೫ ಸೆಂಟಿಮೀಟರ್ ಮಾತ್ರ. ಕರ್ನಾಟಕದಲ್ಲಿ ಅನಾವೃಷ್ಟಿಗೆ ಹೆಸರಾದ ಬಳ್ಳಾರಿ, ಚಿತ್ರದುರ್ಗಗಳ ಒಣ ಪ್ರದೇಶಗಳಲ್ಲಿಯೂ ಇದರ ಮೂರರಷ್ಟು ಮಳೆಯಾಗುತ್ತದೆ ಎಂಬುದನ್ನು ನೆನೆದರೆ ಪರಿಸ್ಥಿತಿಯ ಅರಿವಾಗುತ್ತದೆ.

ಇಷ್ಟು ಮಳೆಯನ್ನು ನಂಬಿ ಯಾವ ಬೆಳೆಯನ್ನೂ ತೆಗೆಯಲಾಗದು. ಆದರೆ ಚಳಿಗಾಲದಲ್ಲಿ ಜೂಪಾರ್ ಬೆಟ್ಟಗಳ ಮೇಲೆ ಹಿಮ ಬೀಳುತ್ತದೆ. ಅದು ಕರಗಿ ಬೆಟ್ಟದ ಬುಡದ ಜಲ್ಲಿಮಣ್ಣಿನಲ್ಲಿ ಇಂಗುತ್ತದೆ. ಹೀಗೆ ಇಂಗಿದ ನೀರನ್ನು ಊರಿಗೆ ತರುವ ಉಪಾಯಕ್ಕೆ ಇರಾನಿನಲ್ಲಿ ಕನಾತ್ ಎಂದು ಹೆಸರು. ಪೂರ್ವದ ಸೀಮೆಗಳಲ್ಲಿ ಅದನ್ನೇ ಕಾರೇಜ್ ಎಂದೂ ಕರೆಯುತ್ತಾರೆ. ಅದರ ರಚನೆ ಹೀಗೆ. ಬೆಟ್ಟದ ತಪ್ಪಲಿನಲ್ಲಿ ನೀರಿನ ಪದರ ಸಿಕ್ಕುವವರೆಗೆ ಒಂದು ಆಳವಾದ ಬಾವಿಯನ್ನು ತೋಡುತ್ತಾರೆ; ಇದಕ್ಕೆ ತಾಯಿಬಾವಿ ಎಂದು ಹೆಸರು. ಅಲ್ಲಿಂದ ಊರಿನವರೆಗೆ ನೆಲದೊಳಗೆ ಒಂದು ಸುರಂಗವನ್ನು ಕೊರೆಯುತ್ತಾರೆ. ಸುರಂಗದ ಇಳಿಜಾರು ಮೇಲಣ ನೆಲದ ಇಳಿಜಾರಿಗಿಂತ ಕಡಿಮೆಯಾಗಿರುವುದರಿಂದ, ಬಹುದೂರ ಸಾಗಿದ ಬಳಿಕ ನೀರು ತಾನಾಗಿಯೇ ನೆಲದ ಮೇಲೆ ಹರಿದುಬರುತ್ತದೆ. ದಾರಿಯುದ್ದಕ್ಕೂ ಅಲ್ಲಲ್ಲಿ ನೇರವಾದ ಬಾವಿಗಳಿರುತ್ತವೆ. ಅಗೆದ ಮಣ್ಣನ್ನು ಮೇಲೆತ್ತುವುದಕ್ಕೂ ಕೆಳಗೆ ಕೆಲಸ ಮಾಡುವವರಿಗೆ ಗಾಳಿಯಾಡುವುದಕ್ಕೂ ಅವು ಬೇಕು. ಏತವಿಲ್ಲ, ಎತ್ತಿಲ್ಲ, ಯಂತ್ರವಿಲ್ಲ. ಬಿಸಿಲಿಗೆ ನೀರು ಆರಿಹೋಗುವ ಭಯವೂ ಇಲ್ಲ.

ಈ ವಿದ್ಯೆ ಕರ್ನಾಟಕಕ್ಕೆ ಹೊಸದಲ್ಲ. ಬೀದರದ ಬಳಿಯ ನೌಬಾದಿನಲ್ಲಿ ಮೂರು ಕಿಲೋಮೀಟರಿಗೂ ಉದ್ದವಾದ ಇಂತಹದೇ ಸುರಂಗಮಾರ್ಗವು ಬಹಮನಿಗಳ ಕಾಲದ್ದೆಂದು ವಿದ್ವಾಂಸರು ನಿರ್ಣಯಿಸಿದ್ದಾರೆ. ಅದರ ಹೆಸರೂ ಕರೇಜ್ ಎಂದೇ.

ಕನಾತಿನ ಆರ್ಥಿಕ ಸ್ವರೂಪವು ವಿಶೇಷವಾಗಿ ಗಮನಾರ್ಹವಾದುದು. ಒಂದು ಕನಾತನ್ನು ಕೊರೆದು ಮುಗಿಸಲು ಅನೇಕ ವರ್ಷಗಳು ಹಿಡಿಯುತ್ತವೆ. ತೊಡಗಿಸಿದ ಹಣ ಕೆಲವೊಮ್ಮೆ ಮಗನ ಕಾಲಕ್ಕೆ, ಕೆಲವೊಮ್ಮೆ ಮೊಮ್ಮಗನ ಕಾಲಕ್ಕೆ ಮರಳುತ್ತದೆ. ಮೇಲಾಗಿ ವರ್ಷವರ್ಷವೂ ಹೂಳೆತ್ತದಿದ್ದರೆ ಸುರಂಗ ಕುಸಿದು ಮೂಲಧನವೇ ಮಣ್ಣುಪಾಲಾಗುತ್ತದೆ. ಇಂತಹ ಭಾರವನ್ನು ಒಬ್ಬನೇ ಹೊರುವುದು ದುಸ್ಸಾಧ್ಯವಾದ್ದರಿಂದ ಪಾಲುದಾರಿಕೆ ಹುಟ್ಟಿಕೊಂಡಿತು. ಪಾಲನ್ನು ಅಳೆಯುವುದು ಕಾಲದಿಂದ: ಇಷ್ಟು ದಿನಗಳಿಗೊಮ್ಮೆ ಬರುವ ಸರದಿಯಲ್ಲಿ ಇಷ್ಟು ಹೊತ್ತಿನ ನೀರು ಒಬ್ಬನದು. ಗಡಿಯಾರಗಳಿಲ್ಲದ ಕಾಲದಲ್ಲಿ, ತಳದಲ್ಲಿ ಸಣ್ಣ ರಂಧ್ರವಿರುವ ತಾಮ್ರದ ಬಟ್ಟಲನ್ನು ನೀರಿನ ಮೇಲೆ ತೇಲಿಬಿಟ್ಟು ಅದು ತುಂಬಿ ಮುಳುಗುವ ಹೊತ್ತನ್ನು ಒಂದು ಮಾನವಾಗಿ ಎಣಿಸುವ ಪದ್ಧತಿ ಇರಾನಿನಲ್ಲಿ ವ್ಯಾಪಕವಾಗಿತ್ತು. ಭಾರತದ ಘಟಿಕಾಯಂತ್ರವನ್ನು ಬಲ್ಲವರಿಗೆ ಇದರ ವಿವರಣೆ ಬೇಕಿಲ್ಲ. ನೀರಿನ ಪಾಲನ್ನು ಜಮೀನಿನಿಂದ ಬೇರ್ಪಡಿಸಿ ಮಾರಬಹುದಾಗಿತ್ತು, ಅಡವಿಡಬಹುದಾಗಿತ್ತು, ಧರ್ಮಕಾರ್ಯಕ್ಕೆ ದತ್ತಿಯಾಗಿ ಬಿಡಬಹುದಾಗಿತ್ತು. ನೀರಿಲ್ಲದ ಜಮೀನಿಗೆ ಬೆಲೆಯಿಲ್ಲದ ನಾಡಿನಲ್ಲಿ ನಿಜವಾದ ಆಸ್ತಿಯೆಂದರೆ ನೀರಿನ ಹೊತ್ತು.

ಮಾಹಾನಿನ ಸಮೀಪದ ಷಹಜಾದೆ ಬಾಗ್, ಅಂದರೆ ರಾಜಕುಮಾರನ ತೋಟ, ಇದೇ ಬೆಟ್ಟದ ನೀರಿನ ಫಲ. ೧೮೮೧ರಿಂದ ಸುಮಾರು ಹತ್ತು ವರ್ಷ ಕೆರ್ಮಾನಿನ ಪ್ರಾಂತಾಧಿಕಾರಿಯಾಗಿದ್ದ ಅಬ್ದುಲ್ ಹಮೀದ್ ಮಿರ್ಜಾ ನಾಸಿರ್-ಉದ್-ದೌಲಾ ಎಂಬ ಕಾಜಾರ್ ರಾಜಕುಮಾರನು ಅದನ್ನು ಈಗಿನ ರೂಪಕ್ಕೆ ತಂದನು. ಸುಮಾರು ಐದೂವರೆ ಹೆಕ್ಟೇರ್ ವಿಸ್ತಾರದ ಈ ತೋಟವು ಇಳಿಜಾರಿನಲ್ಲಿ ಮೆಟ್ಟಿಲುಮೆಟ್ಟಿಲಾಗಿ ಹಬ್ಬಿದೆ. ಮೇಲಿನಿಂದ ಇಳಿಯುವ ನೀರು ನಡುವಣ ಕಾಲುವೆಯಲ್ಲಿ ಕಿರುಜಲಪಾತಗಳಾಗಿ ಧುಮುಕುತ್ತ ಬರುತ್ತದೆ. ಗೋಡೆಯ ಒಳಗೆ ದಟ್ಟವಾದ ಹಸುರು. ಗೋಡೆಯ ಹೊರಗೆ ಬರಿಯ ಬೆಂಗಾಡು. ಕೆಲಸ ಮುಗಿಯುವ ಮುನ್ನವೇ ರಾಜಕುಮಾರನು ತೀರಿಕೊಂಡನು. ಸುದ್ದಿ ಕೇಳಿದ ಗಾರೆಯವನು ಕೈಯಲ್ಲಿದ್ದ ಗಾರೆಯನ್ನು ಗೋಡೆಗೆ ಎಸೆದು ಹೊರಟುಹೋದನೆಂದು ಸ್ಥಳೀಯರು ಹೇಳುತ್ತಾರೆ. ಕಥೆ ಹೇಗಾದರೂ ಇರಲಿ, ಮುಂಬಾಗಿಲಿನ ಕಟ್ಟಡ ಅಪೂರ್ಣವಾಗಿಯೇ ಉಳಿಯಿತು. ಯುನೆಸ್ಕೋ ಸಂಸ್ಥೆಯು ೨೦೧೧ರಲ್ಲಿ ಪಾರಸೀಕ ಉದ್ಯಾನಗಳೆಂಬ ಶಿರೋನಾಮೆಯಲ್ಲಿ ಆಯ್ದ ಒಂಬತ್ತು ತೋಟಗಳಲ್ಲಿ ಇದೂ ಸೇರಿದೆ. ೨೦೧೬ರಲ್ಲಿ ಅದೇ ಸಂಸ್ಥೆ ಗುರುತಿಸಿದ ಹನ್ನೊಂದು ಕನಾತುಗಳಲ್ಲಿ ಒಂದಾದ ಗೌಹರ್‌ರೀಜ್, ಇದೇ ಬೆಟ್ಟಸಾಲಿನ ಬುಡದ ಜೂಪಾರ್ ಊರಿನದು.

೨. ಜನ

ಹತ್ತನೆಯ ಶತಮಾನದ ಅರಬ್ ಭೂಗೋಳಜ್ಞ ಮುಕದ್ದಸಿಯ ಗ್ರಂಥದಲ್ಲಿ ಮಾಹಾನಿನ ಪ್ರಸ್ತಾಪವಿದೆ. ಊರಿನ ನಡುವೆ ಕಂದಕದಿಂದ ಸುತ್ತುವರಿದ ಕೋಟೆ, ಅದರ ಬಳಿ ಮಸೀದಿ, ಸುತ್ತಲೂ ಒಂದು ದಿನದ ಪಯಣದಷ್ಟು ದೂರ ಹರಿವ ನೀರಿನಿಂದ ಬೆಳೆದ ತೋಟಗಳು ಎಂಬ ವಿವರಣೆಯೊಡನೆ, ಅದು ಅರಬರ ಊರು ಎಂದೂ ಅವನು ಹೇಳುತ್ತಾನೆ. ಇಂದು ಮಾಹಾನಿನ ಜನರ ಮನೆಮಾತು ಪಾರಸಿ. ಕೆರ್ಮಾನ್ ಸೀಮೆಯ ಉಚ್ಚಾರಣೆಯ ಒಲಪುಳ್ಳ ಪಾರಸಿ. ಸಾವಿರ ವರ್ಷಗಳ ಹಿಂದಿನ ಅರಬರು ಎಲ್ಲಿ ಹೋದರು ಎಂದು ಕೇಳಿದರೆ, ಎಲ್ಲಿಗೂ ಹೋಗದೆ ಅಲ್ಲಿಯೇ ಕರಗಿದರು ಎಂದೇ ಉತ್ತರಿಸಬೇಕಾಗುತ್ತದೆ. ಗೆದ್ದು ಬಂದವರ ಭಾಷೆ ಮಸೀದಿಯಲ್ಲಿ ಉಳಿಯಿತು. ತೋಟದಲ್ಲಿ, ಅಡಿಗೆಮನೆಯಲ್ಲಿ, ನೀರಿನ ಸರದಿಯ ಜಗಳದಲ್ಲಿ ನೆಲದ ಭಾಷೆಯೇ ಗೆದ್ದಿತು. ಪರಸ್ಥಳದಲ್ಲಿ ನೆಲಸಿದ ಯಾವ ಭಾಷಿಕ ಸಮುದಾಯಕ್ಕೂ ಈ ನಿದರ್ಶನವು ವಿಚಾರಾರ್ಹವಾದುದು.

೨೦೦೬ರ ಜನಗಣತಿಯ ಪ್ರಕಾರ ಮಾಹಾನಿನ ಜನಸಂಖ್ಯೆ ಸುಮಾರು ೧೭ ಸಾವಿರ. ಕುಟುಂಬಗಳು ನಾಲ್ಕು ಸಾವಿರಕ್ಕೆ ತುಸು ಮೇಲೆ. ಮುಂದಿನ ಹತ್ತು ವರ್ಷಗಳಲ್ಲಿ ಅದು ೨೦ ಸಾವಿರದ ಸಮೀಪಕ್ಕೆ ಏರಿತು. ಅದೇ ಅವಧಿಯಲ್ಲಿ ಕೆರ್ಮಾನ್ ನಗರವು ಐದು ಲಕ್ಷವನ್ನು ಮೀರಿ ಬೆಳೆಯಿತು. ಆಡಳಿತದ ದೃಷ್ಟಿಯಿಂದ ಮಾಹಾನ್ ಒಂದು ಹೋಬಳಿಯಂತಹ ವಿಭಾಗದ ಮುಖ್ಯಸ್ಥಳ. ಸುತ್ತಣ ಹಳ್ಳಿಗಳಿಗೆ ಅದೇ ಪೇಟೆ, ಅದೇ ಕಚೇರಿ.

ಜನರ ವೃತ್ತಿಗಳಲ್ಲಿ ತೋಟಗಾರಿಕೆ ಮೊದಲನೆಯದು. ಎತ್ತರದ ತಂಪು ಹವೆಯಲ್ಲಿ ಏಪ್ರಿಕಾಟ್, ಆಕ್ರೋಟು ಮೊದಲಾದ ಹಣ್ಣುಕಾಯಿಗಳು ಬೆಳೆಯುತ್ತವೆ. ಪ್ರಾಂತದ ಬಯಲುಗಳಲ್ಲಿ ಪಿಸ್ತಾ ಮುಖ್ಯವಾದ ವಾಣಿಜ್ಯದ ಬೆಳೆ. ಕನಾತ್ ತೋಡುವವರಿಗೆ ಮುಕನ್ನಿ ಎಂದು ಹೆಸರು. ತಂದೆಯಿಂದ ಮಗನಿಗೆ ಬರುತ್ತಿದ್ದ ಈ ಕಸಬು ಅಪಾಯಕಾರಿಯಾದುದು. ಹೆಂಗಸರ ದುಡಿಮೆಯಲ್ಲಿ ರತ್ನಗಂಬಳಿಯ ನೇಯ್ಗೆಯೂ ಪತೆ ಎಂಬ ಕಸೂತಿಯೂ ಮುಖ್ಯವಾದವು. ದಪ್ಪವಾದ ಉಣ್ಣೆಯ ಬಟ್ಟೆಯ ಮೇಲೆ ಬಣ್ಣಬಣ್ಣದ ಉಣ್ಣೆದಾರದಿಂದ ಸುರುವೃಕ್ಷವನ್ನೂ ಮಾವಿನಕಾಯಿಯಂತೆ ಬಾಗಿದ ಎಲೆಯಾಕೃತಿಯನ್ನೂ ತುಂಬುವ ಪತೆಯ ಕೆಲಸವು ಕೆರ್ಮಾನ್ ಸೀಮೆಯ ವೈಶಿಷ್ಟ್ಯ. ಮಾಹಾನಿನ ಸಂತನ ಗೋರಿಗೆ ಹೊದಿಸಲೆಂದು ೧೯ನೆಯ ಶತಮಾನದಲ್ಲಿ ಸಿದ್ಧವಾದ ಪತೆಯು ಈ ಕಲೆಯ ಅತ್ಯುತ್ತಮ ಮಾದರಿಗಳಲ್ಲೊಂದೆಂದು ಎಣಿಕೆಗೊಂಡಿದೆ. ಅದನ್ನು ಹೊಲಿದ ಕೈಗಳ ಹೆಸರು ಮಾತ್ರ ಚರಿತ್ರೆಯಲ್ಲಿ ಪ್ರಸಿದ್ಧವಾಗಿಲ್ಲ.

ಇವರಲ್ಲದೆ ಗೋರಿಯನ್ನು ಆಶ್ರಯಿಸಿದ ಜನರೂ ಇದ್ದರು: ಮಂದಿರದ ಪರಿಚಾರಕರು, ದತ್ತಿಯ ಲೆಕ್ಕವಿಡುವವರು, ಯಾತ್ರಿಕರಿಗೆ ಅನ್ನ, ವಸತಿ ಒದಗಿಸುವವರು, ದರವೇಶಿಗಳು. ಆಂಗ್ಲ ವಿದ್ವಾಂಸ ಎಡ್ವರ್ಡ್ ಬ್ರೌನ್ ೧೮೮೮ರ ಬೇಸಗೆಯ ಕೊನೆಯಲ್ಲಿ ಮಾಹಾನಿಗೆ ಬಂದಾಗ ಇಲ್ಲಿಯ ದರವೇಶಿಗಳು ಅವನನ್ನು ಆದರದಿಂದ ಬರಮಾಡಿಕೊಂಡರು. ಸಂತನ ಹೆಸರಿನಲ್ಲಿ ಪ್ರಸಿದ್ಧವಾಗಿದ್ದ ಭವಿಷ್ಯಸೂಚಕವಾದ ಒಂದು ಪದ್ಯದ ಪ್ರತಿಯನ್ನೂ ಅವನು ಅವರಿಂದ ಪಡೆದನು. ಅದೇ ಪದ್ಯ ಹಲವು ರೂಪಾಂತರಗಳಲ್ಲಿ ೧೯ನೆಯ ಶತಮಾನದ ಭಾರತದಲ್ಲಿಯೂ ಹರಡಿ, ಬ್ರಿಟಿಷ್ ಪ್ರಭುತ್ವದ ಅಂತ್ಯವನ್ನು ಸಾರುವ ವಾಣಿಯೆಂದು ಜನರ ಬಾಯಲ್ಲಿತ್ತು. ಸಣ್ಣ ಊರಿನ ಹೆಸರು ಎಷ್ಟು ದೂರ ಹೋಗಬಲ್ಲದೆಂಬುದಕ್ಕೆ ಇದೊಂದು ಸಾಕ್ಷಿ.

೩. ಸಂತ ಮತ್ತು ಸುಲ್ತಾನ

ಮಾಹಾನಿನ ಸಂತ ಷಾಹ್ ನಿಮತುಲ್ಲಾ ವಲಿ ಆ ಊರಿನವನಲ್ಲ. ೧೪ನೆಯ ಶತಮಾನದ ಮೊದಲರ್ಧದಲ್ಲಿ ಜನಿಸಿದ ಅವನ ಮನೆತನಕ್ಕೆ ಸಿರಿಯಾದ ಅಲೆಪ್ಪೋ ನಗರದ ಸಂಬಂಧವಿತ್ತು. ಮೆಕ್ಕೆಯಲ್ಲಿ ಅಬ್ದುಲ್ಲಾ ಯಾಫಿಈ ಎಂಬ ಗುರುವಿನ ಬಳಿ ವರ್ಷಗಟ್ಟಲೆ ಇದ್ದು, ಬಳಿಕ ಮಧ್ಯ ಏಷ್ಯಕ್ಕೆ ಹೋಗಿ, ತೈಮೂರನ ಕಾಲದಲ್ಲಿ ಆ ಸೀಮೆಯನ್ನು ಬಿಡಬೇಕಾಗಿ ಬಂದು, ಕೊನೆಗೆ ಕೆರ್ಮಾನ್ ಸೀಮೆಯಲ್ಲಿ ನೆಲೆ ಕಂಡನು. ಮಾಹಾನಿನಲ್ಲಿ ಆಶ್ರಮವನ್ನೂ ತೋಟವನ್ನೂ ಮಾಡಿಕೊಂಡು ಬಹುಕಾಲ ಬಾಳಿದನು. ದುಡಿಮೆಯನ್ನು ಬಿಟ್ಟು ಭಿಕ್ಷೆಯಿಂದ ಬದುಕುವುದನ್ನು ಅವನು ಮೆಚ್ಚಲಿಲ್ಲ. ತಾನೇ ಬೇಸಾಯ ಮಾಡಿ ಶಿಷ್ಯರಿಗೂ ಕಾಯಕದ ಮಾರ್ಗವನ್ನು ತೋರಿದನೆಂದು ಪರಂಪರೆ ಹೇಳುತ್ತದೆ. ಕನ್ನಡ ಓದುಗರು ಇಲ್ಲಿ ಶರಣರ ಮಾತನ್ನು ನೆನೆದರೆ ಆಶ್ಚರ್ಯವಿಲ್ಲ. ಆದರೆ ಎರಡು ಮಾರ್ಗಗಳೂ ಸ್ವತಂತ್ರವಾಗಿ ಬೆಳೆದಂಥವು ಎಂಬುದನ್ನು ಮರೆಯಬಾರದು. ೧೪೩೧ರಲ್ಲಿ, ನೂರು ವರ್ಷಗಳ ಹತ್ತಿರದ ವಯಸ್ಸಿನಲ್ಲಿ, ಅವನು ದೇಹವಿಟ್ಟನು.

ಇದೇ ಕಾಲಕ್ಕೆ ದಕ್ಖನಿನಲ್ಲಿ ಬಹಮನಿ ಸುಲ್ತಾನ ಒಂದನೆಯ ಅಹಮದ್ ಷಾ ಆಳುತ್ತಿದ್ದನು. ೧೪೨೨ರಲ್ಲಿ ಅವನು ಪಟ್ಟಕ್ಕೆ ಬಂದ ವರ್ಷವೇ ಕಲಬುರ್ಗಿಯ ಪ್ರಸಿದ್ಧ ಸಂತ ಗೇಸುದರಾಜ್ ಬಂದೇನವಾಜನು ತೀರಿಕೊಂಡಿದ್ದನು. ರಾಜಧಾನಿಯನ್ನು ಕಲಬುರ್ಗಿಯಿಂದ ಬೀದರಕ್ಕೆ ಸಾಗಿಸಿದ ಸುಲ್ತಾನನಿಗೆ ಹೊಸ ಸ್ಥಳದಲ್ಲಿ ಹೊಸದೊಂದು ಆಧ್ಯಾತ್ಮಿಕ ಆಸರೆ ಬೇಕಾಯಿತು. ಆಸ್ಥಾನದಲ್ಲಿ ಇರಾನಿನಿಂದ ಬಂದ ಪರದೇಶಿ ಸರದಾರರ ಪ್ರಾಬಲ್ಯವೂ ಹೆಚ್ಚುತ್ತಿತ್ತು. ಅವನು ಮಾಹಾನಿಗೆ ಕಾಣಿಕೆಗಳೊಡನೆ ದೂತರನ್ನು ಕಳುಹಿಸಿದನು. ಸಂತನು ತನ್ನ ಶಿಷ್ಯನ ಕೈಯಲ್ಲಿ ಹನ್ನೆರಡು ಮಡಿಕೆಗಳ ಹಸುರು ಕುಲಾವಿಯನ್ನು ಕಳುಹಿಸಿ, ಪತ್ರದಲ್ಲಿ ಸುಲ್ತಾನನನ್ನು ವಲಿ ಎಂದು ಸಂಬೋಧಿಸಿದನೆಂದು ಇತಿಹಾಸಕಾರ ಫಿರಿಷ್ತಾ ಬರೆದಿದ್ದಾನೆ. ಅಹಮದ್ ಷಾ ವಲಿ ಎಂಬ ಹೆಸರು ನಿಂತದ್ದು ಹೀಗೆ.

ಸುಲ್ತಾನನು ಅಷ್ಟಕ್ಕೆ ತೃಪ್ತನಾಗದೆ ಸಂತನ ಮಗನನ್ನೇ ಬೀದರಕ್ಕೆ ಕಳುಹಿಸಬೇಕೆಂದು ಬೇಡಿದನು. ಸಂತನಿಗಿದ್ದವನು ಒಬ್ಬನೇ ಮಗ, ಖಲೀಲುಲ್ಲಾ. ಅವನನ್ನು ಅಗಲಲಾರದೆ ಮೊಮ್ಮಗ ನೂರುಲ್ಲಾನನ್ನು ಕಳುಹಿಸಿದನು. ಸುಲ್ತಾನನು ಅವನನ್ನು ಎದುರುಗೊಂಡು, ತನ್ನ ಮಗಳನ್ನು ಕೊಟ್ಟು ಮದುವೆ ಮಾಡಿ, ಆಸ್ಥಾನದ ಸಂತರಲ್ಲಿ ಅಗ್ರಸ್ಥಾನವನ್ನಿತ್ತನು. ೧೪೩೧ರಲ್ಲಿ ಸಂತನು ತೀರಿಕೊಂಡ ಬಳಿಕ ಖಲೀಲುಲ್ಲಾನೂ ದಕ್ಖನಿಗೆ ಬಂದನು.

ಮಾಹಾನಿನ ಗೋರಿಯ ಮೇಲೆ ಗುಮ್ಮಟದ ಮಂದಿರವನ್ನು ಕಟ್ಟಿಸಲು ಹಣ ಕೊಟ್ಟವನು ಅಹಮದ್ ಷಾ. ಕಟ್ಟಡ ಮುಗಿಯುವ ಹೊತ್ತಿಗೆ ಅವನೂ ಇರಲಿಲ್ಲ. ೧೪೩೬ರಲ್ಲಿ ಅವನ ಮಗ ಅಲಾವುದ್ದೀನ್ ಅಹಮದನ ಕಾಲಕ್ಕೆ ಅದು ಪೂರ್ಣವಾಯಿತೆಂದು ಅಲ್ಲಿಯ ಶಾಸನವು ತಿಳಿಸುತ್ತದೆ. ಬೀದರದಿಂದ ಮಾಹಾನಿಗೆ ಹಣವೂ ಜನರೂ ಹೋಗಬೇಕಾದರೆ ಅಂದಿನ ದಾರಿ ಸುಲಭವಾಗಿರಲಿಲ್ಲ. ಬಹಮನಿಗಳ ಪಶ್ಚಿಮದ ಬಂದರುಗಳಾದ ದಾಭೋಳ, ಚೌಲಗಳಿಂದ ಹಡಗಿನಲ್ಲಿ ಹುರ್ಮುಜ್, ಅಲ್ಲಿಂದ ಒಂಟೆಯ ಸಾಲುಗಳಲ್ಲಿ ಕೆರ್ಮಾನ್; ಕುದುರೆ ವ್ಯಾಪಾರಿಗಳು ನಡೆದಾಡುತ್ತಿದ್ದ ಈ ವಾಣಿಜ್ಯಪಥವೇ ಗುರುಶಿಷ್ಯರ ಪಥವೂ ಆಯಿತು. ಗೋರಿಗೆ ಯಾತ್ರಿಕರು, ಯಾತ್ರಿಕರಿಂದ ಪೇಟೆ, ದತ್ತಿಗಳಿಂದ ನೀರಿನ ಕಾಲುವೆಗಳ ಜೀರ್ಣೋದ್ಧಾರ: ಹೀಗೆ ಹೊರಗಣ ಹಣ ಒಂದು ಊರಿನ ಒಳಗಣ ಆರ್ಥಿಕಜೀವನಕ್ಕೆ ಮೂಲಧನವಾಗಿ ಪರಿಣಮಿಸಿತು.

ಮುಂದಿನ ಕಾಲದ ಪ್ರಭುಗಳೂ ಈ ಮಂದಿರವನ್ನು ಬೆಳೆಸಿದರು. ಸಫವಿ ದೊರೆ ಒಂದನೆಯ ಷಾಹ್ ಅಬ್ಬಾಸನ ಆಳಿಕೆಯಲ್ಲಿ ಹೊಸ ಭಾಗಗಳು ಸೇರಿದವು. ಗುಮ್ಮಟದ ನೀಲಿ ಹೆಂಚುಗಳ ಮೇಲೆ ಬಿಳಿಯ ರೇಖೆಗಳು ನಕ್ಷತ್ರಗಳಾಗಿ ಹೆಣೆದುಕೊಂಡು, ತುದಿಗೇರಿದಂತೆ ಕಿರಿದಾಗುತ್ತ ಹೋಗುವ ವಿನ್ಯಾಸವು ಕಣ್ಣನ್ನು ಸೆಳೆಯುತ್ತದೆ. ಕಾಜಾರರ ಕಾಲದಲ್ಲಿ ಮುಂಬಾಗಿಲಿನ ಜೋಡಿ ಮಿನಾರುಗಳೂ ಅಂಗಳಗಳೂ ಎದ್ದವು. ಒಂದು ಅಂಗಳಕ್ಕೆ ೧೯ನೆಯ ಶತಮಾನದ ಪ್ರಾಂತಾಧಿಕಾರಿ ವಕೀಲ್-ಉಲ್-ಮುಲ್ಕನ ಹೆಸರೇ ಇದೆ. ಒಂದು ಪುಟ್ಟ ಕೋಣೆಯ ಗೋಡೆಗಳೂ ಛಾವಣಿಯೂ ಬರವಣಿಗೆಯಿಂದ ತುಂಬಿವೆ. ಸಂತನು ನಲವತ್ತು ದಿನಗಳ ವ್ರತ ಹಿಡಿದು ಕುಳಿತ ಸ್ಥಳವೆಂದು ಅದನ್ನು ತೋರಿಸುತ್ತಾರೆ.

೪. ಬಿಟ್ಟುಹೋದವರು

ಬೀದರಕ್ಕೆ ಬಂದ ಮಾಹಾನಿನ ಮನೆತನದ ಗತಿಯೇನಾಯಿತು? ಅವರು ಹಿಂದಿರುಗಲಿಲ್ಲ. ಖಲೀಲುಲ್ಲಾನ ಸಮಾಧಿ ಅಷ್ಟೂರಿನ ದಾರಿಯ ದಿಣ್ಣೆಯ ಮೇಲೆ ಚೌಖಂಡಿ ಎಂಬ ಹೆಸರಿನಿಂದ ನಿಂತಿದೆ. ಎಂಟು ಮೂಲೆಯ ಎತ್ತರವಾದ ಗೋಡೆ, ಒಳಗೆ ಮತ್ತೊಂದು ಕಟ್ಟಡ, ಬಾಗಿಲಿನ ಸುತ್ತ ಕರಿಯ ಕಲ್ಲಿನ ಕುಸುರಿ, ಷೀರಾಜಿನ ಲಿಪಿಕಾರನ ಕೈಬರಹದ ಪಟ್ಟಿಕೆ. ವಂಶಸ್ಥರು ಸುಲ್ತಾನರ ಬೀಗರಾದರು. ಸರದಾರರಾಗಿ ದಂಡಯಾತ್ರೆಗಳಲ್ಲಿ ಭಾಗವಹಿಸಿದರು. ಆಸ್ಥಾನದ ಒಳಜಗಳಗಳಲ್ಲಿ ಸಿಕ್ಕಿ ಪ್ರಾಣ ತೆತ್ತವರೂ ಉಂಟು. ದೇಶೀಯ ದಖನಿಗಳಿಗೂ ಪರದೇಶಿ ಅಫಾಕಿಗಳಿಗೂ ನಡುವೆ ಬೆಳೆದ ವೈಷಮ್ಯವು ಬಹಮನಿ ರಾಜ್ಯವನ್ನೇ ಸೀಳಿತು. ಗೀಲಾನಿನಿಂದ ಬಂದು ೧೪೭೨ರಲ್ಲಿ ಬೀದರದ ಮದರಸಾವನ್ನು ಕಟ್ಟಿಸಿದ ಮಂತ್ರಿ ಮಹಮೂದ್ ಗಾವಾನನು ೧೪೮೧ರಲ್ಲಿ ಅದಕ್ಕೆ ಬಲಿಯಾದನು. ವಲಸೆ ಬಂದವರಿಗೆ ದೊರೆಯುವ ಪ್ರಭುವಿನ ಮನ್ನಣೆಯು ನೆರೆಯವರ ಮತ್ಸರವನ್ನೂ ತರುತ್ತದೆಂಬುದಕ್ಕೆ ಇದಕ್ಕಿಂತ ನಿದರ್ಶನ ಬೇಕಿಲ್ಲ.

ಆದರೆ ಅದೇ ನೆಲದಲ್ಲಿ ಬೇರೊಂದು ಕ್ರಿಯೆಯೂ ನಡೆಯಿತು. ಅಷ್ಟೂರಿನ ಅಹಮದ್ ಷಾನ ಸಮಾಧಿಯ ಒಳಗೋಡೆಗಳ ಮೇಲೆ ಮಾಹಾನಿನ ಸಂತನ ಪಾರಸಿ ಪದ್ಯಗಳನ್ನೂ ಗುರುಪರಂಪರೆಯನ್ನೂ ಬಣ್ಣ ಮತ್ತು ಚಿನ್ನದಲ್ಲಿ ಬರೆಯಿಸಲಾಗಿದೆ. ಆ ಗೋಡೆಗಳ ಕೆಳಗೆ ನಡೆಯುವ ವಾರ್ಷಿಕ ಜಾತ್ರೆಯ ತಿಥಿ ಮಾತ್ರ ಹಿಂದೂ ಚಾಂದ್ರಮಾನದ್ದು, ಹೋಳಿಹುಣ್ಣಿಮೆಯ ಅನಂತರದ್ದು. ಕಲಬುರ್ಗಿ ಜಿಲ್ಲೆಯ ಮಾಡ್ಯಾಳದಿಂದ ಜಂಗಮರೊಬ್ಬರು ಪರಿವಾರದೊಡನೆ ಬಂದು ಪೂಜೆ ಸಲ್ಲಿಸುವುದು ರೂಢಿ. ಲಿಂಗಾಯತ ಭಕ್ತರು ಅಹಮದ್ ಷಾನಲ್ಲಿ ಅಲ್ಲಮಪ್ರಭುವನ್ನೇ ಕಾಣುತ್ತಾರೆ. ಮಾಹಾನಿನಲ್ಲಿ ಅರಬರು ಪಾರಸಿಗಳಾದಂತೆ, ಬೀದರದಲ್ಲಿ ಮಾಹಾನಿನ ಭಕ್ತನು ಕನ್ನಡದ ಶರಣನಾದನು. ಪಾರಸಿ ಭಾಷೆಯೂ ಹಾಗೆಯೇ ಕನ್ನಡದೊಳಗೆ ಸೇರಿಹೋಯಿತು: ಜಮೀನು, ರಸೀದಿ, ದಫ್ತರ, ಗುಮಾಸ್ತ, ಗುಲಾಬಿ ಎಂಬ ಮಾತುಗಳನ್ನು ಆಡುವ ಕನ್ನಡಿಗನಿಗೆ ಅವು ಪರಭಾಷೆಯವೆಂಬ ಭಾವನೆಯೇ ಇಲ್ಲ.

೫. ಮರಳಿ ಹೋದ ಪಂಥ

ಇತ್ತ ಇರಾನಿನಲ್ಲಿ ಸಫವಿ ವಂಶವು ೧೫೦೧ರಲ್ಲಿ ಅಧಿಕಾರಕ್ಕೆ ಬಂದು ಷಿಯಾ ಮತವನ್ನು ರಾಜಮತವಾಗಿ ಮಾಡಿತು. ನಿಮತುಲ್ಲಾಹಿ ಪಂಥವೂ ಷಿಯಾ ಮಾರ್ಗವನ್ನು ಹಿಡಿಯಿತು. ಇರಾನಿನಲ್ಲಿ ಉಳಿದ ಮನೆತನದ ಶಾಖೆಯು ಮೊದಲು ರಾಜಸಂಬಂಧದಿಂದ ಮೆರೆದು, ಕಾಲಕ್ರಮದಲ್ಲಿ ಪ್ರಭಾವವನ್ನು ಕಳೆದುಕೊಂಡಿತು. ಮಾಹಾನಿನಲ್ಲಿ ಗೋರಿಯಿತ್ತು, ಪಂಥದ ಬದುಕು ಮಾತ್ರ ಬಡವಾಗಿತ್ತು. ಗುರುಪರಂಪರೆಯ ಎಳೆ ಉಳಿದದ್ದು ದಕ್ಖನಿನಲ್ಲಿ.

೧೮ನೆಯ ಶತಮಾನದ ಉತ್ತರಾರ್ಧದಲ್ಲಿ ಹೈದರಾಬಾದಿನಲ್ಲಿದ್ದ ಪಂಥದ ಗುರು ರಜಾ ಅಲಿ ಷಾಹ್ ದಖನಿಯು ತನ್ನ ಶಿಷ್ಯ ಮಾಸೂಮ್ ಅಲಿ ಷಾಹನನ್ನು ಇರಾನಿಗೆ ಕಳುಹಿಸಿದನು. ಕರೀಮ್ ಖಾನ್ ಜಂದನ ಆಳಿಕೆಯಲ್ಲಿ ಅವನು ಷೀರಾಜಿಗೆ ತಲಪಿ ಶಿಷ್ಯರನ್ನು ಗಳಿಸಿದನು. ಮೂರೂವರೆ ಶತಮಾನಗಳ ಹಿಂದೆ ಮಾಹಾನಿನಿಂದ ಬೀದರಕ್ಕೆ ಹೋದದ್ದು ದಕ್ಖನಿನಿಂದ ಇರಾನಿಗೆ ಮರಳಿತು. ಶಿಷ್ಯರಲ್ಲಿ ಮುಖ್ಯರಾದ ನೂರ್ ಅಲಿ ಷಾಹ್ ಮತ್ತು ಮುಷ್ತಾಕ್ ಅಲಿ ಷಾಹ್ ಮೂಲಗುರುವಿನ ಗೋರಿಯ ದರ್ಶನಕ್ಕೆ ಮಾಹಾನಿಗೆ ಬಂದು ಕೆರ್ಮಾನ್ ಸೀಮೆಯಲ್ಲಿ ಜನರನ್ನು ಸೆಳೆದರು.

ಈ ಮರಳುವಿಕೆ ಸುಖಾಂತವಾಗಲಿಲ್ಲ. ಮುಷ್ತಾಕನು ಸಿತಾರ್ ವಾದ್ಯದಲ್ಲಿ ಪ್ರವೀಣನಾಗಿದ್ದನು; ಇರಾನಿನ ಸೆತಾರಿಗೆ ನಾಲ್ಕನೆಯ ತಂತಿಯನ್ನು ಸೇರಿಸಿದವನು ಅವನೇ ಎಂಬ ಪ್ರತೀತಿ ಇದೆ. ಸಂಪ್ರದಾಯಸ್ಥ ಮೌಲವಿಯೊಬ್ಬನ ಪ್ರಚೋದನೆಯಿಂದ ೧೭೯೨ರಲ್ಲಿ ಕೆರ್ಮಾನಿನ ಜನರ ಗುಂಪು ಅವನನ್ನು ಕಲ್ಲೆಸೆದು ಕೊಂದಿತು. ಮಾಸೂಮ್ ಅಲಿಯೂ ಆ ಶತಮಾನದ ಕೊನೆಯ ವರ್ಷಗಳಲ್ಲಿ ಕೊಲೆಗೆ ಈಡಾದನು. ಕೆರ್ಮಾನ್ ನಗರಕ್ಕೂ ಒಳ್ಳೆಯ ದಿನಗಳು ಕಾದಿರಲಿಲ್ಲ: ೧೭೯೪ರಲ್ಲಿ ಆಗಾ ಮಹಮ್ಮದ್ ಖಾನ್ ಕಾಜಾರನು ಅದನ್ನು ಮುತ್ತಿ ಹಿಡಿದು ಸಾವಿರಾರು ಪುರುಷರ ಕಣ್ಣು ಕೀಳಿಸಿದನು. ಇಷ್ಟೆಲ್ಲ ಆದರೂ ದಕ್ಖನಿನಿಂದ ಬಂದ ಬೀಜ ನಾಶವಾಗಲಿಲ್ಲ. ೧೯ನೆಯ ಶತಮಾನದಲ್ಲಿ ನಿಮತುಲ್ಲಾಹಿ ಪಂಥವು ಇರಾನಿನ ಅತ್ಯಂತ ಪ್ರಭಾವಶಾಲಿಯಾದ ಸೂಫಿ ಪಂಥವಾಯಿತು. ಮಾಹಾನಿನ ಅಂಗಳಗಳೂ ಮಿನಾರುಗಳೂ ಎದ್ದದ್ದು ಈ ಪುನರುಜ್ಜೀವನದ ಕಾಲದಲ್ಲಿಯೇ.

ವಲಸೆಯ ಕ್ರಮ ಅಲ್ಲಿಗೂ ನಿಲ್ಲಲಿಲ್ಲ. ೧೯ ಮತ್ತು ೨೦ನೆಯ ಶತಮಾನಗಳಲ್ಲಿ ಯಜ್ದ್ ಮತ್ತು ಕೆರ್ಮಾನ್ ಸೀಮೆಗಳ ಜರತುಷ್ಟ್ರಮತದವರು ಮುಂಬಯಿಗೆ ಬಂದು ಇರಾನಿ ಹೋಟೆಲುಗಳನ್ನು ತೆರೆದರು. ಪಂಥದ ಒಂದು ಶಾಖೆಯ ಗುರುವೂ ಮನೋವೈದ್ಯನೂ ಆದ ಜವಾದ್ ನೂರ್‌ಬಖ್ಷ್ ೧೯೨೬ರಲ್ಲಿ ಕೆರ್ಮಾನಿನಲ್ಲಿ ಹುಟ್ಟಿ, ೧೯೭೯ರ ಕ್ರಾಂತಿಯ ಬಳಿಕ ದೇಶವನ್ನು ಬಿಟ್ಟು, ೨೦೦೮ರಲ್ಲಿ ಇಂಗ್ಲೆಂಡಿನಲ್ಲಿ ನಿಧನನಾದನು.

೬. ಇಂದಿನ ಮಾಹಾನ್

ಇಂದಿನ ಮಾಹಾನಿನ ಮುಖ್ಯವಾದ ಪ್ರಶ್ನೆ ನೀರಿನದು. ೨೦ನೆಯ ಶತಮಾನದ ಮಧ್ಯದಿಂದ ಕೆರ್ಮಾನ್ ಪ್ರಾಂತದಲ್ಲಿ ಯಂತ್ರದಿಂದ ನೀರೆತ್ತುವ ಆಳವಾದ ಬಾವಿಗಳು ಹೆಚ್ಚಿದವು. ೧೯೬೨ರಲ್ಲಿ ಆರಂಭವಾದ ಭೂಸುಧಾರಣೆಯಿಂದ ದೊಡ್ಡ ಹಿಡುವಳಿಗಳು ಒಡೆದುವು. ಇದು ನ್ಯಾಯವಾದ ಕ್ರಮವೇ ಆದರೂ, ಕನಾತುಗಳ ಹೂಳೆತ್ತಲು ಹಣ ಹೂಡುತ್ತಿದ್ದ ಹಳೆಯ ವ್ಯವಸ್ಥೆಯೂ ಅದರೊಡನೆ ಸಡಿಲವಾಯಿತು. ಪಿಸ್ತಾ ತೋಟಗಳು ಬಯಲನ್ನು ಆಕ್ರಮಿಸಿದವು. ಅಂತರ್ಜಲದ ಮಟ್ಟ ಇಳಿದು ಅನೇಕ ಕನಾತುಗಳು ಬತ್ತಿದವು. ಪ್ರಾಂತದ ಕೆಲವು ಬಯಲುಗಳಲ್ಲಿ ನೆಲವೇ ಕುಸಿಯುತ್ತಿದೆ. ಕನಾತಿನಿಂದ ವರ್ಷಕ್ಕೆ ಬರುತ್ತಿದ್ದದ್ದು ಬೆಟ್ಟ ಕೊಟ್ಟ ಬಡ್ಡಿ. ಯಂತ್ರದ ಬಾವಿ ತೆಗೆಯುತ್ತಿರುವುದು ಅಸಲನ್ನು. ಬಡ್ಡಿಯಲ್ಲಿ ಸಾವಿರ ವರ್ಷ ಬದುಕಿದ ಸೀಮೆ ಅಸಲನ್ನು ಎರಡು ತಲೆಮಾರುಗಳಲ್ಲಿ ತೀರಿಸಿಬಿಡುವ ಅಪಾಯವಿದೆ.

ಎರಡನೆಯ ಭಯ ಭೂಕಂಪದ್ದು. ಮಾಹಾನಿನ ಪೂರ್ವದ ಬೆಟ್ಟಗಳ ನಡುವೆ ಭೂಮಿಯ ದೊಡ್ಡ ಬಿರುಕೊಂದು ಹಾದುಹೋಗಿದೆ. ೧೯೮೧ರ ಜೂನ್ ಮತ್ತು ಜುಲೈ ತಿಂಗಳುಗಳಲ್ಲಿ ಗೋಲ್‌ಬಾಫ್, ಸೀರ್ಚ್ ಪ್ರದೇಶಗಳಲ್ಲಿ ಎರಡು ಪ್ರಬಲ ಭೂಕಂಪಗಳಾದವು. ಇದೇ ಹೆದ್ದಾರಿಯ ಮುಂದಿನ ಬಾಮ್ ನಗರವು ೨೦೦೩ರ ಡಿಸೆಂಬರ್ ೨೬ರ ಮುಂಜಾನೆ ನೆಲಸಮವಾಗಿ ಸುಮಾರು ೨೬ ಸಾವಿರ ಜನರು ಮಡಿದರು.

ಮೂರನೆಯದು ಕೆರ್ಮಾನ್ ನಗರದ ಸೆಳೆತ. ಎರಡೂ ಊರುಗಳನ್ನು ಕೂಡಿಸುವ ಹಫ್ತ್ ಬಾಗ್ ಹೆದ್ದಾರಿಯಿಂದ ಪ್ರಯಾಣ ಅರ್ಧ ಗಂಟೆಯದಾಗಿದೆ. ಹಗಲಿನಲ್ಲಿ ಮಾಹಾನಿನ ಯುವಕರು ನಗರಕ್ಕೆ ದುಡಿಯಲು, ಓದಲು ಹೋಗುತ್ತಾರೆ. ವಾರದ ರಜೆಯಲ್ಲಿ ನಗರದವರು ತಂಪು ಹು‌ಡುಕಿ ಮಾಹಾನಿಗೆ ಬರುತ್ತಾರೆ. ಗಣತಿಯ ಅಂಕೆ ಏರುತ್ತಿದ್ದರೂ, ಊರು ತನ್ನ ಕಾಲ ಮೇಲೆ ನಿಂತ ಪೇಟೆಯಾಗಿ ಉಳಿಯುವುದೋ ಅಥವಾ ನಗರದ ಬಡಾವಣೆಯಾಗಿ ಮಾರ್ಪಡುವುದೋ ಎಂಬುದು ಆ ಅಂಕೆಯಿಂದ ತಿಳಿಯುವ ಸಂಗತಿಯಲ್ಲ.

ಮಾಹಾನಿನ ಚರಿತ್ರೆಯನ್ನು ಒಟ್ಟಾಗಿ ನೋಡಿದಾಗ ಕೆಲವು ಅಂಶಗಳು ನಿಷ್ಪನ್ನವಾಗುತ್ತವೆ. ಒಂದು ಊರಿನ ಜನರೆಂದರೆ ಅಲ್ಲಿ ಈಗ ವಾಸಿಸುವ ಕುಟುಂಬಗಳ ಮೊತ್ತ ಮಾತ್ರವಲ್ಲ. ಬಂದು ಕರಗಿದ ಅರಬರು, ಸಿರಿಯಾದ ಸಂಬಂಧದ ಸಂತ, ಬೀದರದಲ್ಲಿ ಮಣ್ಣಾದ ಮಗ, ಹೈದರಾಬಾದಿನಿಂದ ಹೊರಟ ಶಿಷ್ಯ, ಇವರೆಲ್ಲರೂ ಮಾಹಾನಿನ ಲೆಕ್ಕಕ್ಕೆ ಸೇರುತ್ತಾರೆ. ಊರನ್ನು ಬಿಟ್ಟವರು ಊರಿಗೆ ನಷ್ಟವೆಂದು ಸಾಮಾನ್ಯವಾಗಿ ಭಾವಿಸುವುದುಂಟು. ಖಲೀಲುಲ್ಲಾ ಹೊರಟ ದಿನ ಮಾಹಾನಿನವರೂ ಹಾಗೆಯೇ ಭಾವಿಸಿದ್ದಿರಬೇಕು. ಆದರೆ ಹೊರಗಿದ್ದವರು ಪರಂಪರೆಯನ್ನು ಕಾಪಾಡಿಕೊಂಡಿದ್ದರಿಂದಲೇ ಒಳಗಿದ್ದವರಿಗೆ ಅದು ಮರಳಿ ದೊರೆಯಿತು. ಅದು ತಾನಾಗಿ ಆದ ಕೆಲಸವಲ್ಲ. ದಕ್ಖನಿನಲ್ಲಿ ಹನ್ನೆರಡು, ಹದಿಮೂರು ತಲೆಮಾರುಗಳ ಗುರುಗಳು ಒಬ್ಬೊಬ್ಬರಾಗಿ ಮುಂದಿನವರಿಗೆ ಕೈಯೆತ್ತಿ ಕೊಡುತ್ತ ಬಂದುದರಿಂದ ಆದ ಕೆಲಸ. ಕನಾತಿನಂತೆಯೇ ಅದಕ್ಕೂ ವರ್ಷವರ್ಷವೂ ಹೂಳೆತ್ತುವವರು ಬೇಕಾಗಿದ್ದರು.